ಈ ಮನೆಗೂ ನಿಮಗೂ ಏನು ಸಂಬಂಧ?

ಫರಂಗಿಪೇಟೆ
6 ಮೇ 1998

ತಮ್ಮ ಉಸ್ಮಾನನಿಗೆ ಅಕ್ಕ ಜುಬೈದಳ ಸಲಾಂ.

ಮೊದಲು ಇದನ್ನು ಓದಿ ಉಸಿರು ಬಿಡು: ಯಾರಿಗೂ ಏನೂ ಆಗಿಲ್ಲ. ಆಯಿತಾ? ಇನ್ನು ಹೇಳುತ್ತೇನೆ. ನಿನ್ನೆ ಸಂಜೆಯ ಗಾಳಿಗೆ ನಮ್ಮ ಜೀಗುಜ್ಜೆ ಮರ ಮನೆಯ ಮೇಲೆ ಬಿತ್ತು. ಅಷ್ಟು ದೊಡ್ಡ ಹಿತ್ತಲಿನಲ್ಲಿ ಅದಕ್ಕೆ ಬೀಳಲಿಕ್ಕೆ ಬೇರೆ ಜಾಗ ಸಿಗಲಿಲ್ಲ, ಸರಿಯಾಗಿ ಪಡು ಕೋಣೆಯ ಮೇಲೆಯೇ ಬಿತ್ತು. ಹಂಚು, ರೀಪು, ಪಕ್ಕಾಸು ಎಲ್ಲ ಪುಡಿ. ಚಾವಡಿಯಲ್ಲಿ ತಸ್ಬೀಹ್ ಮಣಿ ಹಿಡಿದು ಕೂತಿದ್ದ ಉಮ್ಮ ಎದ್ದು ಬಂದು ನೋಡಿದರು. "ಮರಕ್ಕೂ ಪ್ರಾಯ ಆಯಿತು, ನನಗೂ ಆಯಿತು. ನಾನು ನಿಂತಿದ್ದೇನಲ್ಲ, ಸಾಕು" ಅಂದವರೇ ಬಿದ್ದ ಕಾಯಿಗಳನ್ನು ಹೆಕ್ಕಲಿಕ್ಕೆ ಶುರು ಮಾಡಿದರು. ಇವತ್ತು ಕೇರಿಯ ಎಲ್ಲ ಮನೆಗಳಲ್ಲಿ ಜೀಗುಜ್ಜೆ ಪೋಡಿ ಕರಿಯುತ್ತಿದ್ದಾರೆ.

ಇನ್ನು ಸಂತೋಷದ ಸಮಾಚಾರ. ನನ್ನ ಮಗಳು ಶಹನಾಝಳ ಮದುವೆ ಗಟ್ಟಿಯಾಗಿದೆ. ಹುಡುಗನ ಹೆಸರು ರಮೀಝ್. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಟ್ರಾವೆಲ್ ಆಫೀಸಿನಲ್ಲಿ ಕೆಲಸ. ಮದುವೆ ಅಕ್ಟೋಬರಿನಲ್ಲಿ, ನಮ್ಮ ಮನೆಯಲ್ಲಿಯೇ. ನೀನು ಹೋಗಿ ಹುಡುಗನನ್ನು ನೋಡಿ ಬಾ. ಆದರೆ ನಿನ್ನ ಪೊಲೀಸು ವಿಚಾರಣೆ ಮಾಡಿ ಅವನನ್ನು ಓಡಿಸಬೇಡ ಮಾರಾಯ.

ಮದುಮಗ ಹೆಣ್ಣಿನ ಮನೆಗೆ ಬಂದಿರುವುದು ನಮ್ಮ ಕ್ರಮ. ಬಂದ ಪುದಿಯಾಪ್ಳೆಗೆ ಒಳ್ಳೆಯ ಕೋಣೆ ತೋರಿಸದಿದ್ದರೆ ನಾನು ಮುಖ ಎಲ್ಲಿಡಲಿ? ಮನೆಯಲ್ಲಿ ದೊಡ್ಡದೆಂದರೆ ಪಡು ಕೋಣೆ ಒಂದೇ. ಅದನ್ನು ರಿಪೇರಿ ಮಾಡಿಸಿ ಅವರಿಗೆ ಕೊಡಬಹುದಾ? ನಿನ್ನ ಒಪ್ಪಿಗೆ ಬೇಕು. ಉಮ್ಮ ನಿನ್ನನ್ನು ಕೇಳದೆ ಆಗುವುದಿಲ್ಲ ಎಂದು ಕೂತಿದ್ದಾರೆ. ಮನೆಯ ವಿಮೆ ನಿನ್ನ ಹೆಸರಿನಲ್ಲಿದೆಯಲ್ಲ, ಏಜೆಂಟ್ ಪಾಯ್ಸರಿಗೆ ಹೇಳಿ ಕಳಿಸಿದ್ದೇನೆ.

ಜುಬೈದ


ಅಲ್ ಮುರಕ್ಕಬಾತ್, ದುಬೈ
18 ಮೇ 1998

ಅಕ್ಕನಿಗೆ ಉಸ್ಮಾನನ ಸಲಾಂ, ಉಮ್ಮನ ಎರಡೂ ಕೈಗೆ ಮುತ್ತು.

ನಿನ್ನ ಪತ್ರ ಬಂದಾಗ ಕೆಫೆಟೇರಿಯಾದಲ್ಲಿ ಗಿರಾಕಿಗಳು ತುಂಬಿದ್ದರು. ಪರೋಟದ ಕಲ್ಲಿನ ಹತ್ತಿರ ನಿಂತುಕೊಂಡೇ ಓದಿದೆ. ಮದುವೆಯ ಸಮಾಚಾರಕ್ಕೆ ಬಂದಾಗ ಎಷ್ಟು ಜೋರಾಗಿ ನಕ್ಕೆನೆಂದರೆ ಒಬ್ಬ ಪಠಾಣ ಚಹಾ ಬಿಟ್ಟು ನನ್ನನ್ನೇ ನೋಡುತ್ತಿದ್ದ. "ನನ್ನ ಅಕ್ಕನ ಮಗಳ ಶಾದಿ" ಎಂದು ಹೇಳಿ ಅವನ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಹೇಗೋ ಉಳಿದವರಿಗೂ ಗೊತ್ತಾಗಿ, ಆ ದಿನ ಯಾರ ಹತ್ತಿರವೂ ತೆಗೆದುಕೊಳ್ಳಲಿಕ್ಕಾಗಲಿಲ್ಲ.

ಶುಕ್ರವಾರ ಅಬುಧಾಬಿಗೆ ಹೋದೆ. ಹುಡುಗ ಹಮ್ದಾನ್ ಸ್ಟ್ರೀಟಿನಲ್ಲಿ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ನಿಂತಿದ್ದ. ಬಿಸಿಲಿಗೆ ಅದು ಬೆನ್ನಿಗೆ ಅಂಟಿಕೊಂಡಿತ್ತು, ಪಾಪ. ಕೆಲಸ, ನಮಾಜು, ಬೀಡಿ-ಸಿಗರೇಟು ಅಂತ ಒಂದನ್ನೂ ಕೇಳಲಿಲ್ಲ. ಸೀದಾ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋದೆ. ಮಾರುವವನು "ತಾಜಾ, ತಾಜಾ" ಎಂದು ಕೂಗುತ್ತಿದ್ದ. ನಮ್ಮ ಹುಡುಗ ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ ನೋಡಿ ಅಲ್ಲೇ ಇಟ್ಟು, ಮುಂದಿನ ಅಂಗಡಿಗೆ ನಡೆದ. ಅಕ್ಕಾ, ಅಷ್ಟೇ ಸಾಕು. ಇವನಿಗೆ ಹುಡುಗಿ ಕೊಡಬಹುದು.

ಪಡು ಕೋಣೆಗೆ ನನ್ನ ಒಪ್ಪಿಗೆ ಎಂಥದ್ದಕ್ಕೆ? ಮನೆ ನಿಮ್ಮದು, ಕೋಣೆ ನಿಮ್ಮದು, ಯಾರಿಗೆ ಬೇಕೋ ಕೊಡಿ. ನನಗೇನಾಗಬೇಕು? ಖಲಾಸ್. ವಿಮೆಯ ಚಿಂತೆ ಬೇಡ. ಎಷ್ಟು ವರ್ಷದಿಂದ ಕಟ್ಟುತ್ತಿದ್ದೇನೆ, ಕಂಪನಿಯವರು ಕೊಟ್ಟೇ ಕೊಡುತ್ತಾರೆ.

ಉಸ್ಮಾನ್


ಫರಂಗಿಪೇಟೆ
11 ಜೂನ್ 1998

ಉಸ್ಮಾನ,

ಕಂಪನಿಯವರು ಕೊಟ್ಟೇ ಕೊಡುತ್ತಾರೆ ಎಂದೆಯಲ್ಲ, ಕೇಳು. ಮನೆ ನೋಡಲಿಕ್ಕೆ ಒಬ್ಬ ಆಫೀಸರು ಬಂದಿದ್ದರು. ಮರ ಅಳೆದರು, ಫೋಟೋ ಹಿಡಿದರು, ಎರಡು ಸಲ ಪೋಡಿ ತಿಂದರು. ಎಲ್ಲ ಸರಿ ಅಂದರು. ಕೊನೆಗೆ ಮನೆಯ ಕಾಗದ ನೋಡಿದ ಮೇಲೆ ಮುಖ ಬೇರೆಯಾಯಿತು. "ಮನೆ ಇರುವುದು ಬೀಪಾತುಮ್ಮ ಕುಟುಂಬ ಟ್ರಸ್ಟಿನ ಹೆಸರಿನಲ್ಲಿ. ವಿಮೆ ಇರುವುದು ದುಬೈಯ ಉಸ್ಮಾನರ ಹೆಸರಿನಲ್ಲಿ. ಈ ಮನೆಗೂ ಅವರಿಗೂ ಏನು ಸಂಬಂಧ?" ಅಂತ ಕೇಳಿದರು.

ಉಮ್ಮನನ್ನು ತೋರಿಸಿ "ಅವನು ಇವರ ಮಗ" ಅಂದೆ. "ಮಗ ಅಂದರೆ ಸಾಲದು. ಎರಡು ವರ್ಷದ ಹಿಂದೆಯೇ ಬೀಪಾತುಮ್ಮನವರು ಬದುಕಿರುವಾಗಲೇ ಮನೆಯನ್ನು ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದಾರೆ. ತನ್ನದಲ್ಲದ ಮನೆಗೆ ಯಾರೂ ವಿಮೆ ಮಾಡಿಸಲಿಕ್ಕೆ ಆಗುವುದಿಲ್ಲ. ಪಾಲಿಸಿ ಯಾರದೋ ಅವರೇ ಬರೆದು ತಿಳಿಸಲಿ" ಎಂದು ಹೇಳಿ ಹೋದರು. ಕಾನೂನಿನ ಮಾತು ಅಂತೆ, ಕೋಪ ಮಾಡಿಕೊಳ್ಳಬೇಡ.

ಹಾಗಾಗಿ ನೀನೇ ಉತ್ತರ ಬರೆದು ಕಳಿಸು. ಬರೆಯಬೇಕಾದದ್ದು ನಿನಗೆ ಗೊತ್ತಿದ್ದದ್ದೇ. ತಡ ಮಾಡಬೇಡ. ಮಳೆ ಶುರುವಾಗಿದೆ, ಪಡು ಕೋಣೆಗೆ ಟಾರ್ಪಾಲು ಕಟ್ಟಿದ್ದೇವೆ. ಕಂಪನಿಯವರು ಇಲ್ಲ ಅಂದರೆ ಮದುವೆಗೆ ಮೊದಲು ಮಾಡು ಕಟ್ಟಿಸಿ ಹಂಚು ಹೊದೆಸುವುದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.

ಉಮ್ಮ ಚೆನ್ನಾಗಿದ್ದಾರೆ. ನಿನ್ನ ಪತ್ರ ಓದಿ ಹೇಳಿದೆ. ಬಂಗುಡೆಯ ಕಥೆಗೆ ನಕ್ಕರು. ಕೋಣೆಯ ವಿಷಯ ಓದಿದ ಮೇಲೆ ಎದ್ದು ಒಳಗೆ ಹೋದರು.

ಜುಬೈದ


ಅಲ್ ಮುರಕ್ಕಬಾತ್, ದುಬೈ
23 ಜೂನ್ 1998

ಅಕ್ಕ,

ಕಂಪನಿಗೆ ಬರೆದ ಉತ್ತರವನ್ನು ಇದರೊಂದಿಗೆ ಇಟ್ಟಿದ್ದೇನೆ. ಪಾಯ್ಸರ ಕೈಗೆ ಕೊಡು. ಮೂರು ಸಲ ಹರಿದು ನಾಲ್ಕನೆಯ ಸಲ ಬರೆದದ್ದು. ನನಗೆ ಕೋಪವೇನೂ ಬಂದಿಲ್ಲ. ಸ್ವಲ್ಪ ಬಂದಿತ್ತು, ಈಗ ಇಲ್ಲ.

ಉಸ್ಮಾನ್

ಮಾನ್ಯ ಆಫೀಸರ್ ಸಾಹೇಬರೇ,

ಈ ಮನೆಗೂ ನನಗೂ ಏನು ಸಂಬಂಧ ಎಂದು ಕೇಳಿದ್ದೀರಿ. ನೀವು ಅಳತೆ ಮಾಡಿದ ಪಡು ಕೋಣೆಯಲ್ಲಿಯೇ ನಾನು ಹುಟ್ಟಿದ್ದು. ಹುಟ್ಟುವಾಗ ಬಹಳ ಕೂಗಿದೆನಂತೆ, ಈಗಲೂ ಹಾಗೆಯೇ ಎಂದು ಅಕ್ಕ ಹೇಳುತ್ತಾಳೆ. ಎಪ್ಪತ್ನಾಲ್ಕರ ನೆರೆಯಲ್ಲಿ ನೇತ್ರಾವತಿ ಮೆಟ್ಟಿಲ ತನಕ ಬಂದಾಗ, ಉಮ್ಮನನ್ನೂ ನಮ್ಮ ಎಮ್ಮೆಯನ್ನೂ ದೋಣಿಗೆ ಹತ್ತಿಸಿದವನು ನಾನು. ಎಮ್ಮೆ ಹೇಳಿದ ಕೂಡಲೇ ಹತ್ತಿತು. ಉಮ್ಮನನ್ನು ಹತ್ತಿಸಲಿಕ್ಕೆ ಊರಿನವರೆಲ್ಲ ಬರಬೇಕಾಯಿತು. ಆ ಮನೆಯ ಹಂಚು ನಾನು ಇಲ್ಲಿಗೆ ಬಂದ ಮೇಲಿನ ದುಡಿಮೆಯದು. ಅದನ್ನು ಹೊದೆಸಿದ ವರ್ಷವೇ ಪಾಯ್ಸರು ಈ ವಿಮೆ ಮಾಡಿಸಿದ್ದು.

ಇನ್ನೊಂದು ವಿಷಯ ಹೇಳಿದರೆ ನೀವು ಹಣ ಕೊಡುತ್ತೀರೋ ಇಲ್ಲವೋ ಗೊತ್ತಿಲ್ಲ, ಸುಳ್ಳು ಬರೆಯಲಾರೆ. ಬಿದ್ದ ಆ ಜೀಗುಜ್ಜೆ ಮರವನ್ನು ನೆಟ್ಟವನೂ ನಾನೇ. ಅಷ್ಟು ಹತ್ತಿರ ನೆಡಬೇಡ ಎಂದು ಬಾಪ ಹೇಳಿದ್ದರು.

ಹೆಸರಿನ ಮಾತು. ನಾನು ನಡೆಸುವ ಕೆಫೆಟೇರಿಯಾದ ಲೈಸೆನ್ಸು ಇಲ್ಲಿಯ ಒಬ್ಬ ಅರಬಿಯ ಹೆಸರಿನಲ್ಲಿದೆ. ಇಲ್ಲಿಯ ಕಾನೂನು ಹಾಗೆ. ಅವರನ್ನು ನಾವು ಅರ್ಬಾಬ್ ಎನ್ನುತ್ತೇವೆ. ಒಳ್ಳೆಯ ಮನುಷ್ಯ. ಆಗೀಗ ಬಂದು ಸುಲೈಮಾನಿ ಚಹಾ ಕುಡಿದು, ನನ್ನ ಉಮ್ಮನ ಆರೋಗ್ಯ ಕೇಳಿ ಹೋಗುತ್ತಾರೆ. ಕಾಗದದಲ್ಲಿ ಅಂಗಡಿ ಅವರದು. ಆದರೆ ಅಂಗಡಿ ಯಾರದು ಎಂದು ಕೇಳಿದರೆ ಬೀದಿಯ ಬೆಕ್ಕು ಕೂಡ ನನ್ನ ಕಡೆಗೇ ನೋಡುತ್ತದೆ. ಅಂಗಡಿ ಒಂದು ಹೆಸರಿನಲ್ಲಿ, ಬೆವರು ಇನ್ನೊಂದು ಹೆಸರಿನಲ್ಲಿ ಇಪ್ಪತ್ತು ವರ್ಷ ನಡೆದಿದೆ, ಯಾರಿಗೂ ನಷ್ಟವಾಗಿಲ್ಲ. ಹಾಗೆಯೇ ಮನೆ ಟ್ರಸ್ಟಿನ ಹೆಸರಿನಲ್ಲಿದ್ದರೆ, ವಿಮೆ ನನ್ನ ಹೆಸರಿನಲ್ಲಿದ್ದರೆ ಏನು ಕೊರತೆ ಎಂದು ತಿಳಿದು ಕಟ್ಟುತ್ತ ಬಂದೆ.

ಸಂಬಂಧವೆಂದರೆ ಇಷ್ಟೇ ಸಾಹೇಬರೇ. ಇದಕ್ಕೆ ಕಾನೂನಿನಲ್ಲಿ ಏನು ಹೆಸರಿದೆಯೋ ನನಗೆ ತಿಳಿಯದು.

ಉಸ್ಮಾನ್


ಫರಂಗಿಪೇಟೆ
14 ಜುಲೈ 1998

ಉಸ್ಮಾನ,

ಪಾಯ್ಸರು ನಿನ್ನ ಉತ್ತರವನ್ನು ನಮ್ಮ ಚಾವಡಿಯಲ್ಲಿಯೇ ಗಟ್ಟಿಯಾಗಿ ಓದಿದರು. ಎಮ್ಮೆಯ ಜಾಗಕ್ಕೆ ಬಂದಾಗ ಅವರಿಗೆ ನಗು ತಡೆಯಲಿಕ್ಕಾಗದೆ ನೀರು ಕುಡಿಸಬೇಕಾಯಿತು. ಬಾಪನ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಾಗದ ಮಡಚಿ ಹೇಳಿದರು: "ಜುಬೈದಮ್ಮ, ಇದರಲ್ಲಿ ಎಮ್ಮೆ ಉಂಟು, ಬೆಕ್ಕು ಉಂಟು, ಅರಬಿ ಉಂಟು. ಬೇಕಾದ ಒಂದು ಸಾಲು ಮಾತ್ರ ಇಲ್ಲ ಮಾರಾಯ್ರೆ. ಇದನ್ನು ಕಂಪನಿಗೆ ಕೊಟ್ಟರೆ ನಗಾಡಿ ಫೈಲು ಮುಚ್ಚುತ್ತಾರೆ."

ಆ ಸಾಲು ಯಾವುದೆಂದು ನಿನಗೂ ಗೊತ್ತು, ನನಗೂ ಗೊತ್ತು. "ನಾನು ಈ ಮನೆಯ ಟ್ರಸ್ಟಿ" ಎಂದು ಬರೆಯಲಿಕ್ಕೆ ನಿನ್ನ ಪೆನ್ನಿನಲ್ಲಿ ಶಾಯಿ ಮುಗಿದಿತ್ತಾ? ಮೊದಲು ಕೋಣೆಯ ವಿಷಯಕ್ಕೆ ನನಗೇನಾಗಬೇಕು ಎಂದೆ. ಈಗ ಟ್ರಸ್ಟಿ ಎಂಬ ಮಾತೇ ಇಲ್ಲ. ಉಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಅವನಿಗೆ ಈ ಮನೆ ಬೇಡ ಜುಬೈದ. ನಾನು ಒತ್ತಾಯಕ್ಕೆ ಅವನ ತಲೆಯ ಮೇಲೆ ಹಾಕಿದೆ" ಅಂದರು. ನಾನು ಹಾಗೇನೂ ಇಲ್ಲ ಎಂದೆ. ಹೇಳುವಾಗ ನನಗೇ ಧೈರ್ಯ ಇರಲಿಲ್ಲ.

ನಿನಗೆ ನಿಜವಾಗಿ ಬೇಡವೆಂದಾದರೆ ನೇರವಾಗಿ ಹೇಳು, ತಮ್ಮ. ಎಮ್ಮೆಯ ಹಿಂದೆ ಅಡಗಿಕೊಳ್ಳಬೇಡ. ವಿಮೆ ಹೋದರೆ ಹೋಗಲಿ, ಮದುವೆಯನ್ನು ಟಾರ್ಪಾಲಿನ ಕೆಳಗೆ ಮಾಡುತ್ತೇನೆ.

ಜುಬೈದ


ಅಲ್ ಮುರಕ್ಕಬಾತ್, ದುಬೈ
25 ಜುಲೈ 1998

ಅಕ್ಕಾ,

ಯಾರು ಟ್ರಸ್ಟಿ? ನಾನಾ?

ನಿನ್ನ ಪತ್ರವನ್ನು ಎಷ್ಟು ಸಲ ಓದಿದರೂ ತಲೆಗೆ ಹೋಗುತ್ತಿಲ್ಲ. ಎರಡು ವರ್ಷದ ಹಿಂದೆ ಊರಿಂದ ಬಂದವರ ಕೈಯಲ್ಲಿ ನೀನು ಕಾಗದ ಕಳಿಸಿದ್ದೆಯಲ್ಲ, ಅದು ನಾನು ಹಕ್ಕು ಬಿಟ್ಟುಕೊಡುವ ಕಾಗದವಲ್ಲವಾ? ಹಾಗೆಂದೇ ತಿಳಿದು ಕಾನ್ಸುಲೇಟಿಗೆ ಹೋಗಿ, ಪೆನ್ಸಿಲಿನ ಗುರುತು ಇದ್ದಲ್ಲೆಲ್ಲ ಸಹಿ ಹಾಕಿ ಕಳಿಸಿದೆ. ಓದಲಿಲ್ಲ. ನೀನು "ಓದಿ ಸಹಿ ಹಾಕು" ಎಂದೇ ಬರೆದಿದ್ದೆ. ಆದರೆ ಇಲ್ಲಿಗೆ ಬಂದ ದಿನದಿಂದ ನಾನು ಓದಿ ಸಹಿ ಹಾಕಿದ ಕಾಗದ ಒಂದೂ ಇಲ್ಲ ಅಕ್ಕ. ವೀಸಾ, ಲೈಸೆನ್ಸು, ಬಾಡಿಗೆ, ಎಲ್ಲವೂ ಅರಬಿಯಲ್ಲಿ. ತೋರಿಸಿದಲ್ಲಿ ಸಹಿ ಹಾಕುವುದು, ಮುಂದೆ ಹೋಗುವುದು. ನಿನ್ನದು ಕನ್ನಡದಲ್ಲಿತ್ತು. ಅದನ್ನೂ ಹಾಗೆಯೇ ಮಾಡಿದೆ.

ನಿಜ ಹೇಳಬೇಕೆಂದರೆ ಓದಲಿಕ್ಕೆ ಮನಸ್ಸಾಗಲಿಲ್ಲ. ಮನೆ ಹೆಣ್ಣುಮಕ್ಕಳಿಗೆ ಹೋಗುವುದು ನಮ್ಮಲ್ಲಿ ಇರುವುದೇ. ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಹೋಗುತ್ತಾನೆ. ನಾನು ಮದುವೆಯಾಗಲಿಲ್ಲ, ಹೋಗಲಿಕ್ಕೆ ಮನೆ ಇಲ್ಲ. ಅದು ಯಾರ ತಪ್ಪೂ ಅಲ್ಲ. ನಿನಗೆ ಸಂತೋಷದಿಂದಲೇ ಬಿಟ್ಟುಕೊಟ್ಟೆ ಎಂದುಕೊಂಡಿದ್ದೆ. ವಿಮೆಯನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಪಾಯ್ಸರ ರಸೀದಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ನಮ್ಮ ಮನೆಯ ವಿಳಾಸ ಬರುತ್ತಿತ್ತು. ಅದೊಂದು ಇರಲಿ ಅನಿಸಿತು.

ಇನ್ನೊಂದು ಹೇಳಿಬಿಡುತ್ತೇನೆ, ನಗಬೇಡ. ನಾನು ರಜೆಗೆ ಬಂದಾಗಲೆಲ್ಲ ಉಮ್ಮ ಪಡು ಕೋಣೆಯಲ್ಲಿ ಹೊಸ ಬೆಡ್‌ಶೀಟ್ ಹಾಸಿರುತ್ತಾರೆ. ಮಡಿಕೆ ಕೂಡ ಬಿಟ್ಟಿರುವುದಿಲ್ಲ. ಅದರ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ. ಹೊಸ ಹಾಸು ನೆಂಟರಿಗೆ ಹಾಕುವುದಲ್ಲವಾ?

ಆ ಕಾಗದದಲ್ಲಿ ನಿಜವಾಗಿ ಏನಿದೆ? ಬೇಗ ಹೇಳು.

ಉಸ್ಮಾನ್


ಫರಂಗಿಪೇಟೆ
7 ಆಗಸ್ಟ್ 1998

ಅಯ್ಯೋ ಪೆದ್ದ! ಅಯ್ಯೋ ನನ್ನ ಪೆದ್ದ ತಮ್ಮ!

ನಾನು ನಗಬೇಕಾ, ನಿನಗೆ ಎರಡು ಬಾರಿಸಬೇಕಾ ಗೊತ್ತಾಗುತ್ತಿಲ್ಲ. ಇಲ್ಲಿಂದ ದುಬೈಗೆ ಕೈ ಎಟಕುವುದಿಲ್ಲವೆಂದು ನಗುತ್ತಿದ್ದೇನೆ. ಎರಡು ವರ್ಷ! ಎರಡು ವರ್ಷದಿಂದ ನೀನು ಈ ಮನೆಯ ಟ್ರಸ್ಟಿ. ನಾನೊಬ್ಬಳು, ನೀನೊಬ್ಬ, ನಾವಿಬ್ಬರೇ. ನಿನ್ನ ಸಹಿ ಇಲ್ಲದೆ ನಾನು ಬಾವಿಗೆ ಹೊಸ ಕಟ್ಟೆ ಕಟ್ಟಿಸಲಿಕ್ಕೂ ಇಲ್ಲ. ಸುಮ್ಮನೆ ಶೋಭೆಗೆ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ ಎಂದುಕೊಂಡೆಯಾ? ನನಗೆ ಅಷ್ಟು ಮರ್ಯಾದೆ ಯಾವಾಗ ಬಂತು?

ನಿನ್ನ ಪತ್ರವನ್ನು ಉಮ್ಮನಿಗೆ ಓದಿ ಹೇಳಿದೆ. "ಓದದೆ ಸಹಿ ಹಾಕಿದನಾ?" ಎಂದು ಕೇಳಿದರು. ಹೌದು ಎಂದೆ. "ಎಲ್ಲ ಬಿಟ್ಟುಕೊಡುವುದು ಎಂದು ತಿಳಿದು ಹಾಕಿದನಾ?" ಹೌದು ಎಂದೆ. ಆಮೇಲೆ ನಗಲಿಕ್ಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ, ಕಣ್ಣಲ್ಲಿ ನೀರು. ಹಲ್ಲಿನ ಸೆಟ್ಟು ತೆಗೆದಿಟ್ಟು ನಕ್ಕರು. ಆ ದಿನ ಎರಡು ಸಲ ಗಂಜಿ ಹಾಕಿಸಿಕೊಂಡರು.

ಕಾಗದದಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ನೀನೇ ಓದಬೇಕು, ಅದೇ ನಿನಗೆ ಶಿಕ್ಷೆ. ನಿಶ್ಚಯದ ಕಾರ್ಯಕ್ಕೆ ಊರಿಗೆ ಬಂದಿದ್ದ ರಮೀಝ್ ನಾಡಿದ್ದು ಹೊರಡುತ್ತಾನೆ, ಅವನ ಕೈಯಲ್ಲಿ ಪ್ರತಿ ಕಳಿಸುತ್ತೇನೆ. ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ ಉಂಟು. ಮೊದಲು ಕಾಗದ, ಆಮೇಲೆ ಉಪ್ಪಿನಕಾಯಿ.

ಜುಬೈದ


ಅಲ್ ಮುರಕ್ಕಬಾತ್, ದುಬೈ
15 ಆಗಸ್ಟ್ 1998

ಅಕ್ಕ, ಉಮ್ಮ,

ರಮೀಝ್ ಅಬುಧಾಬಿಯಿಂದ ನಿನ್ನೆ ಬಂದ. ಉಪ್ಪಿನಕಾಯಿಯ ಬಾಟಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಮಾಮ, ಮೊದಲು ಕಾಗದ ಅಂತ ಹೇಳಿದ್ದಾರೆ" ಅಂದ. ಮದುವೆಗೆ ಮೊದಲೇ ಅತ್ತೆಗೆ ಹೆದರುವ ಹುಡುಗ, ಒಳ್ಳೆಯದಾಯಿತು.

ಕೈ ತೊಳೆದು ಕೂತು ಓದಿದೆ. ಮೊದಲು ಮನಸ್ಸಿನಲ್ಲಿ ಓದುತ್ತಿದ್ದೆ, ಎರಡನೆಯ ಪುಟಕ್ಕೆ ಬರುವಾಗ ನನಗೇ ಗೊತ್ತಿಲ್ಲದೆ ಗಟ್ಟಿಯಾಗಿ ಓದುತ್ತಿದ್ದೆ. ಪರೋಟ ತಟ್ಟುವವರು ನಿಲ್ಲಿಸಿದರು. ಮಲಯಾಳಿಗಳು, ಬಂಗಾಳಿಗಳು, ಕನ್ನಡ ಒಂದಕ್ಷರ ಬಾರದವರೂ ಕೇಳುತ್ತಿದ್ದರು. ವಕೀಲರ ಭಾಷೆಯ ನಡುವೆ ಆ ಒಂದು ಸಾಲು ಮಾತ್ರ ಉಮ್ಮ ಬಾಯಲ್ಲಿ ಹೇಳಿ ಬರೆಸಿದ್ದು, ಅಲ್ಲವಾ? "ನನ್ನ ಮಗ ಉಸ್ಮಾನನು ಯಾವಾಗ ಬಂದರೂ, ಹೇಳಿ ಬಂದರೂ ಹೇಳದೆ ಬಂದರೂ, ಅವನ ಕಾಲ ಇರುವ ತನಕ ಪಡು ಕೋಣೆ ಅವನದು. ಬೇರೆಯವರಿಗೆ ಕೊಡಬೇಕಾದರೆ ಅವನನ್ನು ಕೇಳಿಯೇ ಕೊಡುವುದು." ಅಲ್ಲಿಗೆ ಕಾಗದವನ್ನು ಪಕ್ಕಕ್ಕೆ ಚಾಚಿದೆ. ಉಳಿದದ್ದನ್ನು ರಮೀಝ್ ಓದಿ ಮುಗಿಸಿದ.

ಅದರ ಕೆಳಗೆ ನನ್ನದೇ ಸಹಿ ಇದೆ. ಅಕ್ಷರ ಎಷ್ಟು ಚೆನ್ನಾಗಿದೆ ಗೊತ್ತುಂಟಾ?

ಆಗಲೇ ಅರ್ಬಾಬ್ ಬಂದರು. ಯಾಕೆ ಎಲ್ಲರೂ ಕೆಲಸ ನಿಲ್ಲಿಸಿದ್ದೀರಿ ಎಂದು ಕೇಳಿದರು. ನನಗೆ ಬರುವ ಅರೆಬರೆ ಅರಬಿಯಲ್ಲಿ ಹೇಳಿದೆ, ಊರಿನಲ್ಲಿ ನನಗೆ ಮನೆ ಇದೆ, ಇವತ್ತು ಗೊತ್ತಾಯಿತು ಎಂದು. ಅವರಿಗೆ ಅರ್ಥವಾಗಲಿಲ್ಲ. ಆದರೂ ನನ್ನನ್ನು ಅಪ್ಪಿಕೊಂಡು "ಮಬ್ರೂಕ್, ಮಬ್ರೂಕ್" ಅಂದರು.

ಕಂಪನಿಗೆ ಹೊಸ ಉತ್ತರ ಇದರ ಜೊತೆಗಿದೆ. ಒಂದೇ ಸಾಲು: ನಾನು ಈ ಮನೆಯ ಟ್ರಸ್ಟಿ, ಪಾಲಿಸಿಗೆ ಟ್ರಸ್ಟಿನ ಹೆಸರನ್ನೂ ಸೇರಿಸಿ. ಎಮ್ಮೆಯ ಕಾಗದವನ್ನೂ ಅದರ ಹಿಂದೆ ಪಿನ್ನು ಮಾಡಲಿಕ್ಕೆ ಪಾಯ್ಸರಿಗೆ ಹೇಳು, ಬರೆದದ್ದು ಯಾಕೆ ದಂಡವಾಗಬೇಕು.

ಇನ್ನು ಕೋಣೆಯ ವಿಷಯ. ಮೇ ತಿಂಗಳಿನಲ್ಲಿ ನಾನು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಟ್ರಸ್ಟಿಯಾಗಿ ಹೇಳುತ್ತಿದ್ದೇನೆ. ಪುದಿಯಾಪ್ಳೆಗೆ ಪಡು ಕೋಣೆ ಮಾಫಿ, ಇಲ್ಲವೇ ಇಲ್ಲ! ರಮೀಝನಿಗೆ ಮುಖದ ಮೇಲೆಯೇ ಹೇಳಿದೆ. ಅವನು ನಕ್ಕು, "ನಮಗೆ ಮೂಡು ಕೋಣೆ ಸಾಕು ಮಾಮ. ಬೆಳಿಗ್ಗೆ ಬಿಸಿಲು ಬರುತ್ತದೆ ಅಂತ ಶಹನಾಝ್ ಮೊದಲೇ ಅದನ್ನು ನೋಡಿಟ್ಟಿದ್ದಾಳೆ" ಅಂದ. ಇದನ್ನು ನಿನಗೆ ಯಾರೂ ಹೇಳಿಲ್ಲ ಅನಿಸುತ್ತದೆ. ಮನೆಯಲ್ಲಿ ನಾನೊಬ್ಬನೇ ಪೆದ್ದ ಅಲ್ಲ.

ರಮೀಝನ ಆಫೀಸಿನಲ್ಲಿಯೇ ಟಿಕೆಟ್ ಹೇಳಿದ್ದೇನೆ. ಸೆಪ್ಟೆಂಬರ್ ಕೊನೆಗೆ ಬರುತ್ತೇನೆ. ಬರುವುದಕ್ಕೆ ಮಾತ್ರ ಮಾಡಿಸಿದೆ, ಹಿಂದಿರುಗುವುದನ್ನು ಆಮೇಲೆ ನೋಡುವ. ದಯವಿಟ್ಟು ಹೊಸ ಬೆಡ್‌ಶೀಟ್ ಹಾಸಬೇಡಿ. ಹಳೆಯದು ಯಾವುದಾದರೂ ಆದೀತು, ತೂತಿದ್ದರೂ ಅಡ್ಡಿಯಿಲ್ಲ.

ಉಸ್ಮಾನ್


ಫರಂಗಿಪೇಟೆ
12 ಸೆಪ್ಟೆಂಬರ್ 1998

ಟ್ರಸ್ಟಿ ಸಾಹೇಬರಿಗೆ ಇನ್ನೊಬ್ಬ ಟ್ರಸ್ಟಿಯ ಸಲಾಂ.

ಕಂಪನಿ ಒಪ್ಪಿತು! ಪಾಯ್ಸರು ಸ್ಕೂಟರ್ ಸ್ಟ್ಯಾಂಡ್ ಹಾಕುವ ಮೊದಲೇ ಗೇಟಿನಿಂದ ಕೂಗಿ ಹೇಳಿದರು, ಸ್ಕೂಟರ್ ಬಿದ್ದೇ ಹೋಯಿತು. ಪಾಲಿಸಿಯಲ್ಲಿ ಈಗ ಟ್ರಸ್ಟಿನ ಹೆಸರು, ಅದರ ಕೆಳಗೆ ನಮ್ಮಿಬ್ಬರ ಹೆಸರು. ಆಫೀಸರು ಎಮ್ಮೆಯ ಕಾಗದವನ್ನು ಹಿಂದಕ್ಕೆ ಕೊಡಲಿಲ್ಲವಂತೆ. ಮನೆಯಲ್ಲಿ ಹೆಂಡತಿಗೆ ಓದಿ ಹೇಳಲಿಕ್ಕೆ ಬೇಕೆಂದು ಇಟ್ಟುಕೊಂಡರಂತೆ.

ಪಡು ಕೋಣೆಯ ಮಾಡು ಕಟ್ಟಿ ಆಯಿತು. ಜೀಗುಜ್ಜೆಯ ಬೇರಿನಲ್ಲಿ ಮತ್ತೆ ಎರಡು ಚಿಗುರು ಎದ್ದಿವೆ. ಈ ಸಲ ದೂರ ನೆಡುತ್ತೇವೆ, ನಿನ್ನ ಕೈಗೆ ಮಾತ್ರ ಕೊಡುವುದಿಲ್ಲ. ಮೂಡು ಕೋಣೆಯ ವಿಷಯ ನನ್ನ ಮಗಳು ನನ್ನಿಂದಲೇ ಮುಚ್ಚಿಟ್ಟದ್ದಕ್ಕೆ ಅವಳಿಗೆ ಸಾಕಷ್ಟು ಬೈದಿದ್ದೇನೆ. ಬೈಸಿಕೊಂಡು ನಗುತ್ತಾಳೆ.

ನಿನ್ನ ಪತ್ರ ಓದುವಾಗೆಲ್ಲ ಬೆಡ್‌ಶೀಟಿನ ಸಾಲುಗಳನ್ನು ಉಮ್ಮನಿಗೆ ಬೇಸರವಾದೀತೆಂದು ಬಿಟ್ಟು ಓದಿದ್ದೆ. ನಿನ್ನೆ ಹೇಳಿಬಿಟ್ಟೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಪಡು ಕೋಣೆಗೆ ಕರೆದುಕೊಂಡು ಹೋದರು. ನಿನಗೆ ಗೊತ್ತುಂಟಾ ಉಸ್ಮಾನ, ನೀನು ಹೋದ ಮೇಲೆ ಆ ಮಂಚದಲ್ಲಿ ಉಮ್ಮ ಯಾರನ್ನೂ ಮಲಗಿಸುವುದಿಲ್ಲ. ಮನೆ ತುಂಬ ನೆಂಟರು ಬಂದು ನಾವೆಲ್ಲ ಚಾವಡಿಯಲ್ಲಿ ಸಾಲಾಗಿ ಮಲಗಿದ ದಿನವೂ ಅದು ಖಾಲಿಯೇ. ಮರ ಬಿದ್ದ ದಿನ ಅಲ್ಲಿ ಯಾರಿಗೂ ಏನೂ ಆಗದೆ ಇದ್ದದ್ದು ಕೂಡ ಅದರಿಂದಲೇ. ಬೇರೆ ಯಾರೂ ಮಲಗದ ಹಾಸಿಗೆ ಹೊಸದಾಗಿಯೇ ಇರದೆ ಇನ್ನೇನಾಗುತ್ತದೆ?

ಉಮ್ಮ ಮಂಚದ ಮೇಲೆ ಕೈಯಾಡಿಸುತ್ತ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನಾನು ಹೊಸದನ್ನೇ ಹಾಸುತ್ತೇನೆ. ಈ ಸಲ ಅದು ಹಳೆಯದಾಗುವ ತನಕ ಇರಲಿಕ್ಕೆ ಅವನಿಗೆ ಹೇಳು."

ಜುಬೈದ